ಅಂಕ ಒಂದೇ, ಅರ್ಥ ಹಲವು: ವೈದ್ಯ, ದಂತವೈದ್ಯ ಸೀಟುಗಳ ನಿಜವಾದ ಲೆಕ್ಕ

ನೀಟ್ ಫಲಿತಾಂಶ ಪ್ರಕಟವಾದ ದಿನ ರಾಜ್ಯದ ಸಹಸ್ರಾರು ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಇಷ್ಟು ಅಂಕಕ್ಕೆ ಸೀಟು ಸಿಕ್ಕೀತೇ?’ ಉತ್ತರಕ್ಕಾಗಿ ಪೋಷಕರು ಮೊರೆಹೋಗುವುದು ಹಿಂದಿನ ವರ್ಷದ ಪಟ್ಟಿಗೆ. ಕಳೆದ ವರ್ಷ ಬಂಧುಗಳ ಮಗಳಿಗೆ ಇಂತಿಷ್ಟು ಅಂಕಕ್ಕೆ ಎಂಬಿಬಿಎಸ್ ದೊರೆಯಿತು, ಅದಕ್ಕಿಂತ ಇಪ್ಪತ್ತು ಅಂಕ ಕಡಿಮೆ ಬಂದ ಹುಡುಗ ಬಿಡಿಎಸ್ ಸೇರಿದ. ಹಾಗಾದರೆ ನಮ್ಮ ಮಗುವಿಗೆ ಯಾವುದು? ಈ ಹೋಲಿಕೆ ಸಹಜ. ಆದರೆ ಇದರಷ್ಟು ದಾರಿ ತಪ್ಪಿಸುವ ಲೆಕ್ಕಾಚಾರ ಮತ್ತೊಂದಿಲ್ಲ. ಇದರ ಆಧಾರದ ಮೇಲೆಯೇ ಒಂದು ವರ್ಷ ಕಾದು ಮತ್ತೊಮ್ಮೆ ಪರೀಕ್ಷೆ ಬರೆಯುವ, ಹೊಲ ಮಾರಿ ಖಾಸಗಿ ಸೀಟು ಪಡೆಯುವ, ವಿದೇಶಕ್ಕೆ ಕಳುಹಿಸುವ ಅಥವಾ ಒಲ್ಲದ ಮನಸ್ಸಿನಿಂದ ದಂತವೈದ್ಯಕೀಯಕ್ಕೆ ಸೇರಿಸುವ ತೀರ್ಮಾನಗಳು ಆಗುತ್ತಿವೆ ಎಂಬುದೇ ಆತಂಕದ ವಿಷಯ.

ಒಂದೇ ಪರೀಕ್ಷೆ, ಒಂದೇ ಅಂಕಪಟ್ಟಿ, ಆದರೆ ಆ ಅಂಕದ ಅರ್ಥ ವರ್ಷದಿಂದ ವರ್ಷಕ್ಕೆ, ಕೋರ್ಸಿನಿಂದ ಕೋರ್ಸಿಗೆ, ಕಿಸೆಯಿಂದ ಕಿಸೆಗೆ ಬದಲಾಗುತ್ತದೆ. ಈ ಮೂರನ್ನೂ ಬಿಡಿಸಿ ನೋಡುವುದು ಅಗತ್ಯ.

650 ಅಂಕದ ಕಥೆ

ನೀಟ್ ಒಟ್ಟು 720 ಅಂಕಗಳ ಪರೀಕ್ಷೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ತಲಾ 180, ಜೀವಶಾಸ್ತ್ರಕ್ಕೆ 360. ಲೆಕ್ಕ ಇಷ್ಟು ಸರಳವಾಗಿರುವುದರಿಂದಲೇ ಅಂಕ ಒಂದು ಸ್ಥಿರವಾದ ಅಳತೆಗೋಲು ಎಂಬ ಭ್ರಮೆ ಹುಟ್ಟುತ್ತದೆ.

650 ಅಂಕವನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಇಷ್ಟು ಅಂಕ ಪಡೆದವರ ಅಖಿಲ ಭಾರತ ರ‍್ಯಾಂಕ್ ಸುಮಾರು ಏಳು ಸಾವಿರದ ಆಸುಪಾಸಿನಲ್ಲಿತ್ತು. 2024ರಲ್ಲಿ ಅದೇ 650 ಅಂಕದ ರ‍್ಯಾಂಕ್ ಮೂವತ್ತು ಸಾವಿರದ ಸಮೀಪಕ್ಕೆ ಕುಸಿಯಿತು. 2025ರಲ್ಲಿ ಇಡೀ ದೇಶದಲ್ಲಿ 651ರಿಂದ 686ರವರೆಗಿನ ಅಂಕ ಗಳಿಸಿದವರೇ ಕೇವಲ 73 ಮಂದಿ. ಆ ವರ್ಷ 650 ಅಂಕವೆಂದರೆ ಮೊದಲ ನೂರರೊಳಗಿನ ಸ್ಥಾನ. ಮೂರು ವರ್ಷಗಳಲ್ಲಿ ಅಂಕ ಅಲುಗಾಡಲಿಲ್ಲ, ಅದರ ಬೆಲೆ ಮಾತ್ರ ನೆಲಕ್ಕಿಳಿದು ಆಕಾಶಕ್ಕೇರಿತು.

ಕಾರಣಗಳು ನಿಗೂಢವೇನಲ್ಲ. 2024ರಲ್ಲಿ ಪಠ್ಯಕ್ರಮವನ್ನು ಕಡಿತಗೊಳಿಸಲಾಗಿತ್ತು, 23 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದಿದ್ದರು, 200 ಪ್ರಶ್ನೆಗಳಲ್ಲಿ 180ನ್ನು ಆಯ್ದುಕೊಳ್ಳುವ ಅವಕಾಶವಿತ್ತು. 2025ರಲ್ಲಿ ಆಯ್ಕೆಯ ಅವಕಾಶ ರದ್ದಾಯಿತು, ಭೌತಶಾಸ್ತ್ರದ ಪ್ರಶ್ನೆಗಳು ಅಭ್ಯರ್ಥಿಗಳನ್ನು ಕಂಗೆಡಿಸಿದವು. ಪ್ರಥಮ ಸ್ಥಾನ ಪಡೆದವರ ಅಂಕವೇ 686ಕ್ಕೆ ನಿಂತಿತು. ಹಿಂದಿನ ವರ್ಷ ಮೊದಲ ಪಟ್ಟಿಯಲ್ಲಿ 67 ಮಂದಿ ಪೂರ್ಣ 720 ಅಂಕ ಪಡೆದಿದ್ದರು. ವಿವಾದ, ಮರುಪರೀಕ್ಷೆ, ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಬಳಿಕ ಆ ಸಂಖ್ಯೆ 17ಕ್ಕೆ ಇಳಿಯಿತು.

ಆ ವಿವಾದವೂ ಅಂಕದ ಲೆಕ್ಕದಿಂದಲೇ ಬಯಲಿಗೆ ಬಂದಿತೆಂಬುದನ್ನು ಮರೆಯಬಾರದು. 720ರ ಕೆಳಗೆ ಸಾಧ್ಯವಿರುವ ಮುಂದಿನ ಅಂಕ 716. ಒಂದು ಪ್ರಶ್ನೆಯನ್ನು ಬಿಟ್ಟವರಿಗೆ ಅದು ಸಿಗುತ್ತದೆ. ಒಂದನ್ನು ತಪ್ಪು ಬರೆದವರಿಗೆ 715. ಹೀಗಿರುವಾಗ 718, 719 ಅಂಕಗಳು ಕಾಣಿಸಿಕೊಂಡಾಗ ಪ್ರಶ್ನೆಗಳೆದ್ದವು. ಸಮಯ ನಷ್ಟದ ಕಾರಣಕ್ಕೆ 1,563 ಅಭ್ಯರ್ಥಿಗಳಿಗೆ ಕೃಪಾಂಕ ನೀಡಿದ್ದ ಸಂಗತಿ ಹೊರಬಿದ್ದು, ಅದನ್ನು ಹಿಂಪಡೆದು ಅವರಿಗೆ ಮರುಪರೀಕ್ಷೆಯ ಅವಕಾಶ ನೀಡಬೇಕಾಯಿತು. ಪ್ರಶ್ನೆಪತ್ರಿಕೆ ಸೋರಿಕೆ ಹಜಾರಿಬಾಗ್ ಮತ್ತು ಪಟ್ನಾಗಳಲ್ಲಿ ನಡೆದಿದೆಯೆಂಬುದನ್ನು ಒಪ್ಪಿದ ಸರ್ವೋಚ್ಚ ನ್ಯಾಯಾಲಯ, ಇಡೀ ಪರೀಕ್ಷೆಯ ಪಾವಿತ್ರ್ಯವೇ ಹಾಳಾಗಿದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು 2024ರ ಜುಲೈ 23ರಂದು ಹೇಳಿ ಮರುಪರೀಕ್ಷೆಯ ಬೇಡಿಕೆಯನ್ನು ತಳ್ಳಿಹಾಕಿತು.

ಇದರಿಂದ ಪೋಷಕರು ಗ್ರಹಿಸಬೇಕಾದ ಮೊದಲ ಪಾಠ: ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದದ್ದು ರ‍್ಯಾಂಕನ್ನೇ ಹೊರತು ಅಂಕವನ್ನಲ್ಲ.

ಶೇಕಡಾ ಅಲ್ಲ, ಪರ್ಸೆಂಟೈಲ್

ಎರಡನೆಯ ಗೊಂದಲ ‘ಅರ್ಹತೆ’ ಎಂಬ ಪದದ್ದು. ವೈದ್ಯಕೀಯ ಶಿಕ್ಷಣ ಕುರಿತ 1997ರ ನಿಯಮಾವಳಿಯ ಪ್ರಕಾರ ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಕನಿಷ್ಠ ಶೇ 50 ಅಂಕ ಪಡೆಯಬೇಕಿತ್ತು. ನೀಟ್ ಬಂದಾಗ ಆ ಜಾಗದಲ್ಲಿ ಕುಳಿತದ್ದು 50ನೇ ಪರ್ಸೆಂಟೈಲ್. ಎರಡೂ ಕೇಳಲು ಒಂದೇ ತೆರನಾಗಿದ್ದರೂ ಅಜಗಜಾಂತರವಿದೆ. ಶೇ 50 ಎಂದರೆ ಅರ್ಧದಷ್ಟು ಅಂಕ. 50ನೇ ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಹಿಂದೆ ಬೀಳದಿರುವುದು, ಅಷ್ಟೆ. ಎಲ್ಲರೂ ಕಡಿಮೆ ಅಂಕ ಪಡೆದರೆ ಗೆರೆಯೂ ತಾನಾಗಿ ಕೆಳಗಿಳಿಯುತ್ತದೆ.

ಸಾಮಾನ್ಯ ವರ್ಗದ ಅರ್ಹತಾ ಅಂಕ 2018ರಲ್ಲಿ 119, 2020ರಲ್ಲಿ 147, 2022ರಲ್ಲಿ 117, 2024ರಲ್ಲಿ 162, 2025ರಲ್ಲಿ 144. ಅಂದರೆ 2022ರಲ್ಲಿ ಶೇ 16ರಷ್ಟು, 2025ರಲ್ಲಿ ಶೇ 20ರಷ್ಟು ಅಂಕ ಪಡೆದವರೂ ‘ಅರ್ಹರು’. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೆ ಗೆರೆ 40ನೇ ಪರ್ಸೆಂಟೈಲ್ ಆಗಿರುವುದರಿಂದ ಅರ್ಹರ ಪ್ರಮಾಣ ಒಟ್ಟಾರೆ ಅರ್ಧಕ್ಕಿಂತ ಹೆಚ್ಚಿರುತ್ತದೆ. 2025ರಲ್ಲಿ ಪರೀಕ್ಷೆ ಬರೆದ 22.09 ಲಕ್ಷ ಮಂದಿಯಲ್ಲಿ 12.36 ಲಕ್ಷ ಮಂದಿ ಅರ್ಹತೆ ಗಳಿಸಿದರು. ದೇಶದಲ್ಲಿ ಎಂಬಿಬಿಎಸ್ ಸೀಟುಗಳಿದ್ದುದು ಅದರ ಹತ್ತನೇ ಒಂದು ಭಾಗದಷ್ಟು.

ಹಾಗಾದರೆ ಉಳಿದ ಲಕ್ಷಾಂತರ ಮಂದಿಗೆ ಈ ಅರ್ಹತೆಯಿಂದ ಆಗುವ ಪ್ರಯೋಜನವೇನು? ಸರ್ಕಾರಿ ಕಾಲೇಜಿನ ಬಾಗಿಲು ತೆರೆಯಲು ಸಾಮಾನ್ಯ ವರ್ಗದ ಅಭ್ಯರ್ಥಿಗೆ ಅರ್ಹತಾ ಗೆರೆಯ ಮೂರು ಪಟ್ಟಿಗೂ ಹೆಚ್ಚು ಅಂಕ ಬೇಕು. ಗೆರೆಯ ಆಸುಪಾಸಿನಲ್ಲಿರುವವರಿಗೆ ತೆರೆಯುವುದು ದುಬಾರಿ ಬಾಗಿಲುಗಳು ಮಾತ್ರ: ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು, ಅನಿವಾಸಿ ಭಾರತೀಯರ ಕೋಟಾ, ವಿದೇಶಿ ವೈದ್ಯಕೀಯ ಶಿಕ್ಷಣ. 2018ರಿಂದ ವಿದೇಶದಲ್ಲಿ ಎಂಬಿಬಿಎಸ್ ಓದುವವರಿಗೂ ನೀಟ್ ಅರ್ಹತೆ ಕಡ್ಡಾಯ. ಉಕ್ರೇನ್ ಯುದ್ಧ ಆರಂಭವಾದ 2022ರ ಫೆಬ್ರುವರಿಯಲ್ಲಿ ಅಲ್ಲಿ ಸಿಲುಕಿದ್ದ ಕನ್ನಡಿಗ ವಿದ್ಯಾರ್ಥಿಗಳ ಹೆತ್ತವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಇಲ್ಲಿನ ಖಾಸಗಿ ಕಾಲೇಜಿನ ಶುಲ್ಕ ಭರಿಸುವ ಶಕ್ತಿ ನಮಗಿರಲಿಲ್ಲ ಎಂದು.

ಅರ್ಥಾತ್, ಸರ್ಕಾರಿ ಸೀಟು ಬಯಸುವವರಿಗೆ ಅಂಕವೇ ಸ್ಪರ್ಧೆ. ಹಣವಿರುವವರಿಗೆ ಅದು ಕೇವಲ ಪರವಾನಗಿ. ಒಂದೇ ಪರೀಕ್ಷೆಯ ಒಂದೇ ಅಂಕ ಇಬ್ಬರು ಅಭ್ಯರ್ಥಿಗಳ ಕೈಯಲ್ಲಿ ಎರಡು ಬೇರೆ ಬೇರೆ ಪತ್ರಗಳಾಗಿ ಪರಿಣಮಿಸುವ ಬಗೆ ಇದು.

ಬಿಡಿಎಸ್: ಉಳಿದವರ ಪಾಲೇ?

ಈಗ ದಂತವೈದ್ಯಕೀಯದ ವಿಷಯಕ್ಕೆ ಬರೋಣ. ಎಂಬಿಬಿಎಸ್ ಮತ್ತು ಬಿಡಿಎಸ್ ಎರಡಕ್ಕೂ ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ. ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್ ಕೂಡ ಒಂದೇ. ಬಹುತೇಕ ಅಭ್ಯರ್ಥಿಗಳು ಎಂಬಿಬಿಎಸ್ ಆಯ್ಕೆಗಳನ್ನೆಲ್ಲ ನಮೂದಿಸಿ ಮುಗಿದ ಮೇಲೆ ಬಿಡಿಎಸ್ ಕಾಲೇಜುಗಳನ್ನು ಬರೆಯುತ್ತಾರೆ. ಹೀಗಾಗಿ ಎಂಬಿಬಿಎಸ್ ಪಟ್ಟಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಬಿಡಿಎಸ್ ಪಟ್ಟಿ ಆರಂಭವಾಗುತ್ತದೆ ಎಂಬ ಭಾವನೆ ಬೇರೂರಿದೆ.

ವಾಸ್ತವ ಅಷ್ಟು ನೇರವಾಗಿಲ್ಲ. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜಿನಲ್ಲಿ ಸೀಟು ಪಡೆದ ವಿದ್ಯಾರ್ಥಿಯ ಅಂಕ, ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಭಾರಿ ಶುಲ್ಕ ತೆತ್ತು ಎಂಬಿಬಿಎಸ್ ಸೇರಿದ ವಿದ್ಯಾರ್ಥಿಯ ಅಂಕಕ್ಕಿಂತ ಹೆಚ್ಚಿರುವುದು ಅಪರೂಪವೇನಲ್ಲ. ಸರ್ಕಾರಿ ಕಾಲೇಜಿನಲ್ಲಿ ವಾರ್ಷಿಕ ಶುಲ್ಕ ಸಾವಿರಗಳಲ್ಲಿದ್ದರೆ, ಖಾಸಗಿ ಕಾಲೇಜಿನ ಖಾಸಗಿ ಸೀಟಿಗೆ ಹಲವು ಲಕ್ಷಗಳು, ಅನಿವಾಸಿ ಕೋಟಾಕ್ಕೆ ಅದರ ಹಲವು ಪಟ್ಟು. ಆದ್ದರಿಂದ ‘ಎಂಬಿಬಿಎಸ್ ಮಾಡಿದವರು ಬುದ್ಧಿವಂತರು, ಬಿಡಿಎಸ್ ಮಾಡಿದವರು ಅದಕ್ಕೆ ಸಾಲದವರು’ ಎಂಬ ಲೋಕಾಭಿಪ್ರಾಯಕ್ಕೆ ಅಂಕಪಟ್ಟಿಯಲ್ಲೇ ಆಧಾರವಿಲ್ಲ.

ಬಿಡಿಎಸ್ ಸೀಟುಗಳ ಕೊನೆಯ ರ‍್ಯಾಂಕ್ ಕೆಳಗಿಳಿಯುತ್ತಿರುವುದಕ್ಕೆ ಪ್ರಮುಖ ಕಾರಣ ಬೇರೆಯೇ ಇದೆ. 2014ಕ್ಕೆ ಮುನ್ನ ದೇಶದಲ್ಲಿ ಎಂಬಿಬಿಎಸ್ ಸೀಟುಗಳಿದ್ದುದು 51 ಸಾವಿರದಷ್ಟು. 2024-25ರ ಹೊತ್ತಿಗೆ ಅದು 1.18 ಲಕ್ಷ ದಾಟಿತು. ಹಿಂದೆ ಎಂಬಿಬಿಎಸ್ ಕೈತಪ್ಪಿ ಬಿಡಿಎಸ್‌ಗೆ ಬರುತ್ತಿದ್ದ ಅದೇ ಸಾಮರ್ಥ್ಯದ ವಿದ್ಯಾರ್ಥಿಗಳಿಗೆ ಈಗ ಎಂಬಿಬಿಎಸ್ಸೇ ದೊರೆಯುತ್ತಿದೆ. ಮಕ್ಕಳ ಸಾಮರ್ಥ್ಯ ಕುಸಿದಿಲ್ಲ, ಸರತಿಯ ಸಾಲು ಮುಂದಕ್ಕೆ ಸರಿದಿದೆ.

2021ರ ತೀರ್ಪು ಹೇಳಿದ್ದು

ಈ ಬದಲಾವಣೆಯ ಪರಿಣಾಮ 2020-21ನೇ ಸಾಲಿನಲ್ಲಿ ಸ್ಪಷ್ಟವಾಗಿ ಗೋಚರಿಸಿತು. ದೇಶದಾದ್ಯಂತ ಸುಮಾರು ಏಳು ಸಾವಿರ ಬಿಡಿಎಸ್ ಸೀಟುಗಳು ಖಾಲಿ ಉಳಿದವು. ಅರ್ಹತಾ ಪರ್ಸೆಂಟೈಲನ್ನು ಇಳಿಸಬೇಕೆಂದು ಭಾರತೀಯ ದಂತವೈದ್ಯಕೀಯ ಪರಿಷತ್ತು ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಆ ವರ್ಷ 7.71 ಲಕ್ಷ ಮಂದಿ ಅರ್ಹರಾಗಿದ್ದಾರೆ, ಒಂದು ಸೀಟಿಗೆ ಏಳು ಮಂದಿಯಂತೆ ಲಭ್ಯರಿದ್ದಾರೆ, ದೇಶದಲ್ಲಿ ದಂತವೈದ್ಯರ ಕೊರತೆಯೂ ಇಲ್ಲ ಎಂಬುದು ಅದರ ವಾದ. ಸರ್ಕಾರ ಮುಂದಿಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 6,080 ಜನರಿಗೆ ಒಬ್ಬ ದಂತವೈದ್ಯರಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ 7,500ಕ್ಕೆ ಒಬ್ಬರು.

ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2021ರ ಫೆಬ್ರುವರಿ 8ರಂದು ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು ಆ ವರ್ಷದ ಬಿಡಿಎಸ್ ಪ್ರವೇಶಕ್ಕೆ ಮಾತ್ರ ಅರ್ಹತೆಯನ್ನು ಹತ್ತು ಪರ್ಸೆಂಟೈಲ್‌ನಷ್ಟು ಇಳಿಸಲು ಆದೇಶಿಸಿತು. ಸಾಮಾನ್ಯ ವರ್ಗದ ಗೆರೆ 147 ಅಂಕದಿಂದ 113ಕ್ಕೆ ಇಳಿಯಿತು. ಹೀಗೆ ಆ ವರ್ಷ ಎರಡು ಗೆರೆಗಳಾದವು: ಎಂಬಿಬಿಎಸ್‌ಗೆ ಒಂದು, ಬಿಡಿಎಸ್‌ಗೆ ಮತ್ತೊಂದು.

ಆದರೆ ತೀರ್ಪಿನಲ್ಲಿ ಹೆಚ್ಚು ಚರ್ಚೆಯಾಗದ ಅಂಶವೊಂದಿತ್ತು. ಖಾಲಿ ಉಳಿದ ಏಳು ಸಾವಿರ ಸೀಟುಗಳಲ್ಲಿ ಸರ್ಕಾರಿ ಕಾಲೇಜುಗಳಿಗೆ ಸೇರಿದ್ದು 265 ಮಾತ್ರ. ಮಿಕ್ಕವೆಲ್ಲ ಖಾಸಗಿ ಕಾಲೇಜುಗಳವು. ವಿದ್ಯಾರ್ಥಿಗಳನ್ನು ಆಕರ್ಷಿಸಲು ಖಾಸಗಿ ಆಡಳಿತ ಮಂಡಳಿಗಳು ಶುಲ್ಕ ಇಳಿಸುವುದನ್ನು ಪರಿಗಣಿಸಬೇಕೆಂದು ನ್ಯಾಯಾಲಯ ಹೇಳಿತು. ರೋಗಲಕ್ಷಣ ಇಲ್ಲಿಯೇ ಸ್ಪಷ್ಟವಾಗಿದೆ. ಕೊರತೆಯಿದ್ದುದು ಅರ್ಹರದ್ದಲ್ಲ, ಆ ಶುಲ್ಕಕ್ಕೆ ಆ ಪದವಿ ಪಡೆಯಲು ಸಿದ್ಧರಿರುವವರದ್ದು. ಬೆಲೆ ಇಳಿಸುವ ಬದಲು ಅರ್ಹತೆಯ ಗೆರೆ ಇಳಿಸುವುದೆಂದರೆ, ಕೊಳ್ಳುವವರ ವಲಯವನ್ನು ಇನ್ನಷ್ಟು ಹಿಗ್ಗಿಸಿದಂತೆಯೇ ಹೊರತು ಬೇರೇನಲ್ಲ. 2023ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿ, ಪರೀಕ್ಷೆ ಬರೆದ ಎಲ್ಲರನ್ನೂ ಅರ್ಹರೆಂದು ಸಾರಿದಾಗಲೂ ಇದೇ ತರ್ಕ ಕೆಲಸ ಮಾಡಿತ್ತು.

ಗೆರೆ ಇಳಿಸುವುದನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಪ್ರವೇಶ ಪರೀಕ್ಷೆಯ ಅಂಕವು ಉತ್ತಮ ವೈದ್ಯನನ್ನು ಗುರುತಿಸುವುದಿಲ್ಲ; ಕಾಲೇಜಿನಲ್ಲಿ ವರ್ಷಾನುವರ್ಷ ನಡೆಯುವ ವಿಶ್ವವಿದ್ಯಾಲಯದ ಪರೀಕ್ಷೆಗಳೇ ನಿಜವಾದ ಜರಡಿ; ಸೀಟು ಖಾಲಿ ಬಿಡುವುದು ರಾಷ್ಟ್ರೀಯ ಸಂಪನ್ಮೂಲದ ಅಪವ್ಯಯ ಎನ್ನುತ್ತಾರೆ ಅವರು. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಹೊರಹೋಗುವ ಜರಡಿ ಬಿಗಿಯಾಗಿದ್ದಾಗ ಮಾತ್ರ ಒಳಬರುವ ಬಾಗಿಲನ್ನು ಅಗಲಿಸಬಹುದು. ಎಂಬಿಬಿಎಸ್ ಪದವೀಧರರಿಗೆ 2019ರ ಕಾಯಿದೆಯಲ್ಲಿ, ದಂತವೈದ್ಯರಿಗೆ 2023ರ ಕಾಯಿದೆಯಲ್ಲಿ ರಾಷ್ಟ್ರೀಯ ನಿರ್ಗಮನ ಪರೀಕ್ಷೆಯನ್ನು ವಿಧಿಸಲಾಗಿದೆ. ವೈದ್ಯರ ನಿರ್ಗಮನ ಪರೀಕ್ಷೆಯನ್ನು 2023ರ ಜುಲೈನಲ್ಲಿ ಮುಂದೂಡಲಾಯಿತು. ಒಳಬಾಗಿಲು ಸಡಿಲಿಸುವಲ್ಲಿ ಇದ್ದ ಆತುರ ಹೊರಬಾಗಿಲು ಬಿಗಿಗೊಳಿಸುವಲ್ಲಿ ಕಾಣಲಿಲ್ಲ.

ಅಮೆರಿಕದಲ್ಲಿ ಎರಡು ಅಳತೆಗೋಲು

ಇದೇ ಹೋಲಿಕೆ ಅಮೆರಿಕದಲ್ಲಿ ಬೇರೆ ರೂಪ ಪಡೆಯುತ್ತದೆ. ಅಲ್ಲಿ ವೈದ್ಯಕೀಯಕ್ಕೆ ಎಂಕ್ಯಾಟ್, ದಂತವೈದ್ಯಕೀಯಕ್ಕೆ ಡ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆಗಳಿವೆ. ಎಂಕ್ಯಾಟ್ ಅಂಕ 472ರಿಂದ 528ರವರೆಗೆ. ಡ್ಯಾಟ್ ಅಂಕ ದೀರ್ಘಕಾಲ 1ರಿಂದ 30ರವರೆಗಿದ್ದು, 2025ರ ಮಾರ್ಚ್‌ನಿಂದ 200ರಿಂದ 600ರ ಶ್ರೇಣಿಗೆ ಬದಲಾಯಿತು. ಇವೆರಡನ್ನು ನೇರವಾಗಿ ತಾಳೆ ಹಾಕಲು ಸಾಧ್ಯವೇ ಇಲ್ಲ. ಎರಡನ್ನೂ ಬರೆಯುವವರ ಗುಂಪುಗಳೇ ಬೇರೆಯಾದ್ದರಿಂದ ಪರ್ಸೆಂಟೈಲ್ ಹೋಲಿಕೆಯೂ ಪೂರ್ಣ ನ್ಯಾಯವಾಗದು.

ಗಮನಾರ್ಹ ಸಂಗತಿ ಪರೀಕ್ಷೆಯ ಒಳಹೂರಣದ್ದು. ದಂತವೈದ್ಯನ ಕೆಲಸ ಕೈ ಮತ್ತು ಕಣ್ಣುಗಳದ್ದು. ಮಿಲಿಮೀಟರ್ ಅಂತರದಲ್ಲಿ ಆಕಾರವನ್ನು ಗ್ರಹಿಸಬೇಕು. ಆದಕಾರಣ ಡ್ಯಾಟ್‌ನಲ್ಲಿ ಆಕೃತಿ, ಕೋನ, ಘನವಸ್ತುಗಳ ಗ್ರಹಿಕೆಯನ್ನು ಅಳೆಯುವ ಪ್ರತ್ಯೇಕ ವಿಭಾಗವಿದೆ. ಒಂದು ಕಾಲದಲ್ಲಿ ಅಭ್ಯರ್ಥಿಗಳಿಂದ ಸೀಮೆಸುಣ್ಣ ಕೆತ್ತಿಸಿ ಹಸ್ತಕೌಶಲ ಪರೀಕ್ಷಿಸುವ ಪದ್ಧತಿಯೂ ಇತ್ತು. ಎಂಕ್ಯಾಟ್‌ನಲ್ಲಿ 2015ರಿಂದ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಸ್ಥಾನ ದೊರೆತಿದೆ. ರೋಗಿಯ ಮನಸ್ಸನ್ನೂ ಪರಿಸರವನ್ನೂ ಅರಿಯುವುದು ವೈದ್ಯನಿಗೆ ಅಗತ್ಯವೆಂಬ ಕಾರಣಕ್ಕೆ. ನಮ್ಮ ನೀಟ್ ಇವೆರಡರಲ್ಲಿ ಯಾವುದನ್ನೂ ಅಳೆಯುವುದಿಲ್ಲ. ಆದರೂ ಅದರ ಅಂಕವನ್ನು ಹಿಡಿದು ಒಬ್ಬನನ್ನು ವೈದ್ಯನಾಗಲು ತಕ್ಕವನೆಂದೂ, ಇನ್ನೊಬ್ಬನನ್ನು ಹಲ್ಲಿಗಷ್ಟೇ ಲಾಯಕ್ಕೆಂದೂ ವಿಂಗಡಿಸುತ್ತೇವೆ.

ಅಲ್ಲಿನ ಪದ್ಧತಿಯನ್ನು ಯಥಾವತ್ ಇಲ್ಲಿಗೆ ತರುವುದು ಕಾರ್ಯಸಾಧ್ಯವಲ್ಲ. ಇಪ್ಪತ್ತೆರಡು ಲಕ್ಷ ಮಂದಿಗೆ ಸಂದರ್ಶನ ನಡೆಸಲಾಗದು. ಸಂದರ್ಶನವೆಂದರೆ ಶಿಫಾರಸು ಎಂಬ ಅನುಭವ ನಮಗಿದೆ.

ಕರ್ನಾಟಕದ ನೆನಪು

ಈ ಅನುಭವವೇ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಹುಟ್ಟಿಗೆ ಕಾರಣವಾಯಿತು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯ 1984ರಲ್ಲೇ ತಂದಿತ್ತು. ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಎಂಬಿಬಿಎಸ್ ಸೇರಲು ಬಂದ ಹೊರರಾಜ್ಯದ ವಿದ್ಯಾರ್ಥಿನಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ಕೇಳಿದ ಪ್ರಸಂಗ 1992ರ ಮೋಹಿನಿ ಜೈನ್ ಪ್ರಕರಣದ ತೀರ್ಪಿಗೆ ದಾರಿ ಮಾಡಿತು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಬಂತು. ಮರುವರ್ಷ ಸಿಇಟಿ ಆರಂಭವಾಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನ ಬಳಿಕ ಖಾಸಗಿ ಕಾಲೇಜುಗಳು ಕಾಮೆಡ್‌-ಕೆ ಮೂಲಕ ತಮ್ಮದೇ ಪರೀಕ್ಷೆ ಆರಂಭಿಸಿದವು. 2013ರಲ್ಲಿ ಮೊದಲ ಬಾರಿಗೆ ನಡೆದ ನೀಟನ್ನು ಅದೇ ವರ್ಷ ನ್ಯಾಯಾಲಯ ರದ್ದುಪಡಿಸಿತು. 2016ರಲ್ಲಿ ತನ್ನ ತೀರ್ಪನ್ನು ತಾನೇ ಹಿಂಪಡೆಯಿತು. 2017ರಿಂದ ರಾಜ್ಯದ ವೈದ್ಯಕೀಯ, ದಂತವೈದ್ಯಕೀಯ ಸೀಟುಗಳಿಗೆ ನೀಟ್ ಒಂದೇ ಆಧಾರವಾಯಿತು. 2024ರ ಜುಲೈನಲ್ಲಿ ನೀಟ್ ವಿರುದ್ಧ ವಿಧಾನಮಂಡಲ ನಿರ್ಣಯ ಕೈಗೊಂಡಿತು.

ನೀಟ್ ಬೇಕೇ ಬೇಡವೇ ಎಂಬ ಚರ್ಚೆ ಮುಂದುವರಿಯಲಿ. ಆದರೆ ಪರೀಕ್ಷೆ ಯಾರದೇ ಆಗಿರಲಿ, ಅಂಕವನ್ನು ಓದುವ ಬಗೆ ತಿಳಿಯದಿದ್ದರೆ ನಷ್ಟ ವಿದ್ಯಾರ್ಥಿಯದೇ.

ಆಗಬೇಕಾದದ್ದೇನು?

ಪೋಷಕರು ಮೊದಲು ನೋಡಬೇಕಾದದ್ದು ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್ ಪಟ್ಟಿಯನ್ನು. ಅದರಲ್ಲೂ ತಮಗೆ ಅನ್ವಯವಾಗುವ ಕಾಲಂ ಮಾತ್ರ. ಸಾಮಾನ್ಯ ವರ್ಗದ ಜಿಎಂ ಬೇರೆ, ಕನ್ನಡ ಮಾಧ್ಯಮದ ಜಿಎಂಕೆ ಬೇರೆ, ಗ್ರಾಮೀಣದ ಜಿಎಂಆರ್ ಬೇರೆ. 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಪ್ರತ್ಯೇಕ ಲೆಕ್ಕ. ಮೊದಲ ಸುತ್ತಿನ ಕೊನೆಯ ರ‍್ಯಾಂಕಿಗೂ ಅಂತಿಮ ಸುತ್ತಿನ ಕೊನೆಯ ರ‍್ಯಾಂಕಿಗೂ ಗಣನೀಯ ಅಂತರವಿರುತ್ತದೆ. ಇದನ್ನರಿಯದೆ ಮೊದಲ ಸುತ್ತಿನಲ್ಲೇ ಕೈಚೆಲ್ಲಿ ದುಬಾರಿ ಸೀಟಿಗೆ ಮುಂಗಡ ಕಟ್ಟುವವರಿದ್ದಾರೆ; ಅವರ ಅವಸರವನ್ನೇ ಬಂಡವಾಳ ಮಾಡಿಕೊಂಡ ಮಧ್ಯವರ್ತಿಗಳೂ ಇದ್ದಾರೆ. ಇನ್ನೊಂದು ವರ್ಷ ಕಾದು ಬರೆಯುವವರು ತಿಳಿದಿರಬೇಕಾದದ್ದು, ಮುಂದಿನ ಬಾರಿ ಐವತ್ತು ಅಂಕ ಹೆಚ್ಚು ಬಂದರೂ ರ‍್ಯಾಂಕ್ ಸುಧಾರಿಸದಿರಬಹುದು ಎಂಬುದನ್ನು. 2023 ಮತ್ತು 2024ರ ನಡುವೆ ಆದದ್ದು ಅದೇ.

ಸರ್ಕಾರದ ಹೊಣೆಯೂ ಇದೆ. ಪ್ರತಿ ಕಾಲೇಜಿನ ಕೊನೆಯ ರ‍್ಯಾಂಕ್, ಅದಕ್ಕೆ ಸಮನಾದ ಪರ್ಸೆಂಟೈಲ್, ಪೂರ್ಣ ಅವಧಿಯ ಒಟ್ಟು ಶುಲ್ಕ ಮತ್ತು ಖಾಲಿ ಉಳಿದ ಸೀಟುಗಳ ಸಂಖ್ಯೆಯನ್ನು ಒಂದೇ ಪಟ್ಟಿಯಲ್ಲಿ, ಕನ್ನಡದಲ್ಲಿ, ಕೌನ್ಸೆಲಿಂಗ್‌ಗೆ ಮುನ್ನ ಪ್ರಕಟಿಸುವುದು ಕಷ್ಟದ ಕೆಲಸವಲ್ಲ. ಮಾಹಿತಿಯೆಲ್ಲ ಸರ್ಕಾರದ ಬಳಿಯೇ ಇದೆ. ದಂತವೈದ್ಯಕೀಯ ಸೀಟುಗಳು ಸತತವಾಗಿ ಖಾಲಿ ಉಳಿಯುವ ಕಾಲೇಜುಗಳಲ್ಲಿ ಅರ್ಹತೆ ಇಳಿಸುವ ಮುನ್ನ ಶುಲ್ಕವನ್ನು ಪರಾಮರ್ಶಿಸುವುದು, ಅಗತ್ಯವಿದ್ದರೆ ಸೀಟುಗಳನ್ನೇ ಕಡಿತಗೊಳಿಸುವುದು ನ್ಯಾಯವಾದ ಕ್ರಮ. ಜೊತೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆಗಳನ್ನು ಹೆಚ್ಚಿಸಬೇಕು. ಜನಸಂಖ್ಯೆಯ ಸರಾಸರಿ ಲೆಕ್ಕದಲ್ಲಿ ದಂತವೈದ್ಯರು ಸಾಕಷ್ಟಿದ್ದಾರೆ ಎನ್ನಬಹುದು. ಆದರೆ ಅವರು ನಗರಗಳ ಬೀದಿಬೀದಿಗಳಲ್ಲಿ ಕಿಕ್ಕಿರಿದಿರುವಾಗ ಆ ಸರಾಸರಿಯಿಂದ ಹಳ್ಳಿಯ ಹಲ್ಲುನೋವು ಶಮನವಾಗದು.

ಪರೀಕ್ಷಾ ಸುಧಾರಣೆಗಾಗಿ 2024ರಲ್ಲಿ ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದಲ್ಲಿ ನೇಮಕವಾದ ಸಮಿತಿ ಕಂಪ್ಯೂಟರ್ ಆಧಾರಿತ ಪರೀಕ್ಷೆಯತ್ತ ಸಾಗಲು ಸಲಹೆ ನೀಡಿತು. ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆದದ್ದೇ ಆದರೆ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳ ಅಂಕಗಳನ್ನು ಸಮೀಕರಿಸುವುದು ಅನಿವಾರ್ಯ. ಆಗ ಅಭ್ಯರ್ಥಿಯ ಕೈಗೆ ಬರುವುದು ತಾನು ಎಣಿಸಿಕೊಂಡ ಅಂಕವಲ್ಲ, ಗಣಿತ ಸೂತ್ರವೊಂದರಿಂದ ಹೊರಬಂದ ಸಂಖ್ಯೆ. ಆ ಸೂತ್ರವನ್ನು ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಮುಂಚಿತವಾಗಿ ತಿಳಿಸದಿದ್ದರೆ 2024ರ ಕೃಪಾಂಕದ ಗೊಂದಲ ಮತ್ತಷ್ಟು ದೊಡ್ಡ ಪ್ರಮಾಣದಲ್ಲಿ ಮರುಕಳಿಸೀತು.

ಹದಿನೆಂಟರ ಹರೆಯದಲ್ಲಿ ಮೂರು ಗಂಟೆಗಳ ಕಾಲ ಬರೆದ ಉತ್ತರಗಳು ಒಬ್ಬರನ್ನು ಎಂಬಿಬಿಎಸ್‌ಗೂ ಇನ್ನೊಬ್ಬರನ್ನು ಬಿಡಿಎಸ್‌ಗೂ ಕಳುಹಿಸುತ್ತವೆ. ಇಷ್ಟೊಂದು ಸೀಟುಗಳನ್ನು ಹಂಚಲು ಯಾವುದಾದರೊಂದು ಅಳತೆಗೋಲು ಬೇಕೇ ಬೇಕು. ಆದರೆ ಅಳತೆಗೋಲು ಹೇಳುವುದು ಸರದಿಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಮಾತ್ರ. ಯಾರ ಕೈಗುಣ ಎಂಥದ್ದು ಎಂಬುದನ್ನು ಅದು ಹೇಳಲಾರದು. ಸೀಟು ಹಂಚುವ ಸರ್ಕಾರಕ್ಕೂ, ಸೀಟಿಗಾಗಿ ಸಾಲ ಮಾಡುವ ಪೋಷಕರಿಗೂ ಈ ವ್ಯತ್ಯಾಸ ತಿಳಿದಿದ್ದರೆ, ಕೆಲವು ಮನೆಗಳ ಹೊಲವಾದರೂ ಉಳಿದೀತು.